ಯಾರ ಕಣ್ಣಿಗೆ ಯಾವ ಅಳತೆ?

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಕೆಲಸಗಾರ್ತಿ ತಲೆಗೂದಲಿಗಿಂತಲೂ ತೆಳುವಾದ ಎಳೆಯ ತುದಿಯನ್ನು ಹುಡುಕಿ ಓಡುವ ನೂಲಿಗೆ ಸೇರಿಸುತ್ತಾಳೆ. ತುಂಡಾದರೆ ಮತ್ತೆ ಹುಡುಕಬೇಕು. ಅವಳ ಕಣ್ಣು ದುಡಿಯುವುದು ಕೈಗೆಟಕುವಷ್ಟು ದೂರದಲ್ಲಿ. ವಯಸ್ಸು ನಲವತ್ತು ದಾಟಿದಂತೆ ಮಸುಕಾಗುವುದೂ ಆ ದೂರವೇ. ಜನ ಅದನ್ನು ಚಾಳೀಸು ಎನ್ನುತ್ತಾರೆ.

ಈಗ ಅವಳನ್ನು ಅಕ್ಷರದ ಫಲಕದ ಮುಂದೆ ಕೂರಿಸೋಣ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಫಲಕವಿದು. ಆರು ಮೀಟರ್ ದೂರದಿಂದ ಸಣ್ಣ ಸಾಲನ್ನೂ ಗುರುತಿಸಿದರೆ ‘6/6’, ಅಂದರೆ ಕಣ್ಣು ಚೆನ್ನಾಗಿದೆ. ಆ ಚೀಟಿ ಸುಳ್ಳಲ್ಲ. ‘ಎಳೆ ಕಾಣಿಸುತ್ತಿಲ್ಲ’ ಎಂಬ ಅವಳ ಮಾತೂ ಸುಳ್ಳಲ್ಲ. ಹಾಗಾದರೆ ನಾವು ಯಾರನ್ನು ನಂಬಬೇಕು?

ವಿಜ್ಞಾನ ಇನ್ನೂ ಮುಂದೆ ಸಾಗಿದೆ. ದೂರದರ್ಶಕಗಳ ಮಸೂರವನ್ನು ಪರೀಕ್ಷಿಸುವ ಉಪಾಯವೊಂದನ್ನು ಬೆಳೆಸಿ, 1994ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಸಂಶೋಧಕರು ಕಣ್ಣಿಗೇ ಅನ್ವಯಿಸಿದರು. ಬೆಳಕಿನ ಸಣ್ಣ ಕಿರಣವನ್ನು ಅಕ್ಷಿಪಟಲಕ್ಕೆ ಬಿಡುತ್ತಾರೆ. ಮರಳಿ ಬರುವ ಬೆಳಕು ಪುಟ್ಟ ಮಸೂರಗಳ ಸಾಲುಗಳ ಮೂಲಕ ಹಾದು ಚುಕ್ಕೆಗಳಾಗಿ ಮೂಡುತ್ತದೆ. ಚುಕ್ಕೆಗಳು ತಮ್ಮ ಜಾಗದಿಂದ ಎಷ್ಟು ಸರಿದಿವೆ ಎಂಬುದರಿಂದ ಕಣ್ಣಿನ ದೋಷ ತಿಳಿಯುತ್ತದೆ. ಇಂದು ಇಂತಹ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ರೋಗಿ ಬಾಯಿ ಬಿಡಬೇಕಾಗಿಲ್ಲ. ಮಾತು ಬಾರದ ಮಗುವಿಗೆ, ಅಕ್ಷರ ಕಲಿಯದವರಿಗೆ ಇದು ದೊಡ್ಡ ಉಪಕಾರ.

ಆದರೆ ರೋಗಿ ಹೇಳಬೇಕಾಗಿಲ್ಲ ಎಂಬುದು, ನಾವು ಕೇಳಬೇಕಾಗಿಲ್ಲ ಎಂದಾಗಬಾರದು. ಬೆಳಕು ಎಲ್ಲಿ ಚದುರುತ್ತದೆ ಎಂದು ಯಂತ್ರ ಹೇಳೀತು. ಆ ಕಣ್ಣಿಗೆ ಏನು ಕಾಣಬೇಕಾಗಿದೆ ಎಂದು ಅದು ಹೇಳಲಾರದು. ಬೆಳಕು ವಸ್ತುಗಳಿಂದ ಕಣ್ಣಿಗೆ ಬರುತ್ತದೆ ಎಂದು ಹನ್ನೊಂದನೇ ಶತಮಾನದಲ್ಲೇ ವಿವರಿಸಿದ ಇಬ್ನುಲ್ ಹೈಸಮ್, ನೋಟದಲ್ಲಿ ಮನಸ್ಸಿನ ತೀರ್ಮಾನವೂ ಸೇರಿದೆ ಎಂದಿದ್ದ. ನೋಡುವುದು ಮನುಷ್ಯ, ಕಣ್ಣೊಂದೇ ಅಲ್ಲ.

ಇದು ಬರೀ ತತ್ವದ ಮಾತಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ ಎಲೆ ಕೀಳುವ, ನಲವತ್ತು ದಾಟಿದವರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರ ದೂರದೃಷ್ಟಿ ಚೆನ್ನಾಗಿಯೇ ಇತ್ತು. ಹತ್ತಿರದ ನೋಟಕ್ಕೆ ಕನ್ನಡಕ ಪಡೆದವರ ದುಡಿಮೆಯಲ್ಲಾದ ಏರಿಕೆ, ಪಡೆಯದವರಿಗಿಂತ ಶೇ. 21ಕ್ಕೂ ಹೆಚ್ಚು. ಫಲಕದ ಮುಂದೆ ಮಾತ್ರ ಕೂರಿಸಿದ್ದರೆ ಅವರೆಲ್ಲ ‘ಕಣ್ಣು ಚೆನ್ನಾಗಿರುವವರ’ ಪಟ್ಟಿಗೆ ಸೇರುತ್ತಿದ್ದರು.

ಅಳತೆ ನಿಖರವಾಗಿದ್ದರೆ ಸಾಲದು, ನ್ಯಾಯವೂ ಆಗಿರಬೇಕು. ಎಲ್ಲರಿಗೂ ಒಂದೇ ದೂರವನ್ನು ಗೊತ್ತು ಮಾಡುವುದು ಸಮಾನತೆಯಂತೆ ಕಾಣುತ್ತದೆ. ಆದರೆ ಅದರಲ್ಲಿ ಎಳೆ ಹುಡುಕುವವಳ ಬದುಕು ಬಿಟ್ಟುಹೋಗುತ್ತದೆ. ಕಣ್ಣಿಗೆ ಬೆಳಕು ಬಿಡುವ ಮೊದಲು ಒಂದು ಪ್ರಶ್ನೆ ಕೇಳಬೇಕು: ‘ಏನು ಕೆಲಸ ಮಾಡುತ್ತೀರಮ್ಮಾ?’ ಇದಕ್ಕೆ ಯಂತ್ರ ಬೇಡ. ಎದುರಿಗಿರುವವರ ಮಾತಿಗೂ ಬೆಲೆಯಿದೆ ಎಂಬ ಅರಿವು ಸಾಕು.