ಮನೆ ಮುಟ್ಟಿದ್ಯಾ?

ರಾತ್ರಿ ಆಟೊ ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೊ ತೆಗೆದು ಗೆಳತಿಗೆ ಕಳಿಸುವುದು ಬೆಂಗಳೂರಿನ ಹೆಣ್ಣುಮಕ್ಕಳಿಗೆ ರೂಢಿ. ಮಂಗಳಮುಖಿಗೆ ಅದರ ಮೇಲೆ ಇನ್ನೊಂದು ಲೆಕ್ಕ: ಡ್ರೈವರ್ ಮಾತಿಗೆಳೆದರೆ ಬಾಯಿ ಬಿಡುವುದೋ ಬೇಡವೋ. ಸೀರೆ ಕಾಪಾಡಿದ ಗುಟ್ಟನ್ನು ದನಿ ಬಿಟ್ಟುಕೊಡುತ್ತದೆ.

*

ಹೊಸ ಭಯಕ್ಕೆ ನಡುಕವಿರುತ್ತದೆ. ಹಳೆಯ ಭಯ ಸುಮ್ಮನೆ ಲೆಕ್ಕ ಬರೆಯುತ್ತಾ ಕೂತಿರುತ್ತದೆ: ಯಾವ ಬೀದಿಯಲ್ಲಿ ದೀಪ ಕೆಟ್ಟಿದೆ, ಇವತ್ತು ಬೀಟಿನಲ್ಲಿ ಯಾರಿದ್ದಾರೆ, ಕೂಗಿದರೆ ಯಾವ ಅಂಗಡಿಯವನು ಹೊರಗೆ ಬಂದಾನು.

*

ಗೇ ಡೇಟಿಂಗ್ ಆ್ಯಪಿನಲ್ಲಿ ಸಿಕ್ಕವನನ್ನು ಮೊದಲು ದರ್ಶಿನಿಯಲ್ಲಿ ನೋಡು ಎನ್ನುತ್ತಾರೆ ಪೆಟ್ಟು ತಿಂದವರು. ನಿಂತು ಕುಡಿಯುವ ಕಾಫಿ, ಸುತ್ತ ಜನ; ಬೇಡವೆನಿಸಿದರೆ ಲೋಟ ಇಟ್ಟು ನಡೆದರಾಯಿತು. ನೇರ ಕೋಣೆಗೆ ಹೋದವನಿಗೆ ಒಮ್ಮೊಮ್ಮೆ ಒಳಗೆ ಇನ್ನಿಬ್ಬರು ಕಾದಿರುತ್ತಾರೆ. ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡುತ್ತಾರೆ, ಖಾತೆಯಲ್ಲಿದ್ದ ದುಡ್ಡನ್ನು ಅವನ ಕೈಯಿಂದಲೇ ಸ್ಕ್ಯಾನ್ ಮಾಡಿಸುತ್ತಾರೆ. ಚಾಕು ಬೇಕಾಗುವುದಿಲ್ಲ. “ನಿಮ್ಮಪ್ಪನ ನಂಬರ್ ಇದೇನಾ?” ಅಂದರೆ ಸಾಕು.

*

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. ಅಲ್ಲಿಯವರೆಗೆ ಸುಲಿಯುವವನು ಕಾನೂನಿನ ಹೆಸರು ಹೇಳುತ್ತಿದ್ದ, ಈಗ ಅಮ್ಮನ ಹೆಸರು ಹೇಳುತ್ತಾನೆ. ಅವನ ಕಸುಬಿಗೇನೂ ನಷ್ಟವಾದಂತಿಲ್ಲ.

*

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಸಂಶಯ ಬಂದ ಹಿಜ್ರಾಗಳ ಹೆಸರು, ವಿಳಾಸ ಬರೆದಿಡಲು ಅದರಲ್ಲಿ ಅವಕಾಶವಿತ್ತು. ಬ್ರಿಟಿಷರು 1871ರಲ್ಲಿ ಮಾಡಿದ್ದೂ ಇದನ್ನೇ. ಈಗ ಸವಲತ್ತಿಗೆ ಗುರುತಿನ ಚೀಟಿ ಮಾಡಿಸಿ ಎಂದು ಕ್ಯಾಂಪ್ ಹಾಕಿದರೆ ಹಿರಿಯರು ಅನುಮಾನಿಸುತ್ತಾರೆ. ಓದು ಬಾರದ್ದಕ್ಕಲ್ಲ, ಹೆಸರು ಬರೆದುಕೊಂಡು ಹೋದವರು ಮತ್ತೆ ಯಾವ ವೇಷದಲ್ಲಿ ಬಂದರೆಂಬುದು ಅವರಿಗೆ ನೆನಪಿದೆ.

*

ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆಂದೇ ಕಾಯ್ದೆ ಬರೆದವರು, ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ 2 ವರ್ಷ ಎಂದರು. ಕಾಯ್ದೆಯ ಹೆಸರಿನಲ್ಲಿ ‘ರಕ್ಷಣೆ’ ಎಂಬ ಪದವೂ ಇದೆ.

*

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಮಂಗಳಮುಖಿಯರಿಗೂ ಬಸ್ಸು ಉಚಿತವಾಯಿತು. ಒಳ್ಳೆಯದೇ. ಆದರೆ ಆಧಾರಿನಲ್ಲಿ ಇನ್ನೂ ‘ಪುರುಷ’ ಎಂದಿದ್ದವಳು ಕಂಡಕ್ಟರ್ ಮುಂದೆ, ಅರ್ಧ ಬಸ್ಸಿನ ಮುಂದೆ ತನ್ನ ಕತೆ ಹೇಳಬೇಕು. ಎಷ್ಟೋ ಸಲ ಕಾಸು ಕೊಟ್ಟು ಟಿಕೆಟ್ ಹರಿಸಿಕೊಳ್ಳುವುದೇ ಅಗ್ಗ.

*

ಇಬ್ಬರು ಹುಡುಗಿಯರು ಒಂದೇ ರೂಮಿನಲ್ಲಿದ್ದರೆ ಓನರ್ ಆಂಟಿಗೆ ನೆಮ್ಮದಿ, ‘ಹುಡುಗರ ಕಾಟವಿಲ್ಲ’ ಎಂದು. ನಮ್ಮ ಸಮಾಜದ ಕುರುಡೇ ಎಷ್ಟೋ ಪ್ರೀತಿಗಳಿಗೆ ನೆರಳು. ಆಂಟಿಗೆ ಕಣ್ಣು ಬಂದ ದಿನ ಮಾತ್ರ ಗಂಟುಮೂಟೆ ಕಟ್ಟಬೇಕು.

*

ಮನೆ ಬಿಟ್ಟು ಹೊರಡುವವಳು ಒಡವೆಗಿಂತ ಮೊದಲು ಮಾರ್ಕ್ಸ್ ಕಾರ್ಡ್ ಎತ್ತಿಕೊಳ್ಳಬೇಕು. ಒಡವೆ ಒಯ್ದರೆ ಕಳ್ಳತನದ ದೂರು. ವಯಸ್ಸಿನ ದಾಖಲೆ ಇಲ್ಲದಿದ್ದರೆ ಅಪಹರಣದ ದೂರು. “ನಾನು ವಯಸ್ಕಳು, ಸ್ವಂತ ಇಷ್ಟದಿಂದ ಹೊರಟಿದ್ದೇನೆ” ಎಂದು ಠಾಣೆಗೆ ಮೊದಲೇ ಒಂದು ಪತ್ರ ಹಾಕಿರಬೇಕು. ಹೆತ್ತವರಿಗಿಂತ ಮುಂಚೆ ತಲುಪುವಂತೆ.

*

ಮನೆಯವರು ಹೊರಹಾಕಿದವಳಿಗೆ ಹಿಜ್ರಾಗಳು ಕೂಡಿ ಬಾಳುವ ಹಮಾಮಿನಲ್ಲಿ ಗುರು ಸಿಗುತ್ತಾಳೆ, ಊಟ ಸಿಗುತ್ತದೆ, ಏಟು ಬಿದ್ದಾಗ ಠಾಣೆಗೆ ಓಡಿಬರುವ ಹತ್ತು ಜನ ಸಿಗುತ್ತಾರೆ. ದುಡಿಮೆಯಲ್ಲಿ ಪಾಲು ಕೇಳುವವರೂ ಅಲ್ಲೇ ಇರುತ್ತಾರೆ. ಹೊರಗಿನಿಂದ ನೋಡಿ ಇದನ್ನು ಸ್ವರ್ಗವೆಂದೋ ಸೆರೆಮನೆಯೆಂದೋ ಬರೆಯುವವರು ಬೀದಿಯಲ್ಲಿ ಒಂದು ರಾತ್ರಿ ಕಳೆದು ಬರೆಯಲಿ.

*

2021ರಲ್ಲಿ ಪದ್ಮಶ್ರೀ ಪಡೆಯುವಾಗ ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದರು. ದೇಶವೇ ಆ ವಿಡಿಯೊ ನೋಡಿ ಸಂತೋಷಪಟ್ಟಿತು. ಅಂಥದೇ ಕೈ ಟು-ಲೆಟ್ ಬೋರ್ಡಿನ ಗೇಟು ತಟ್ಟಿದರೆ “ಈಗಷ್ಟೇ ಕೊಟ್ಟುಬಿಟ್ವಿ” ಎನ್ನುತ್ತೇವೆ.

*

ರಾತ್ರಿ ಹನ್ನೊಂದೂವರೆ. ಕೂಟ ಮುಗಿಸಿ ಹೊರಟ ಏಳು ಜನರಲ್ಲಿ ಆರು ಜನ ‘ಮುಟ್ಟಿದೆ’ ಅಂದಿದ್ದಾರೆ. ಏಳನೆಯವಳಿಗೆ ಹೋದ ಮೆಸೇಜಿಗೆ ಇನ್ನೂ ಒಂದೇ ಟಿಕ್ಕು. ಬ್ಯಾಟರಿ ಹೋಗಿರಬೇಕು ಎಂದು ಒಬ್ಬಳು ಬರೆಯುತ್ತಾಳೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ.