ಅಳತೆಯಿಲ್ಲದ ಊಟದ ಅಳತೆ

ಯಾಕಿನಿಕು ಎಂದರೆ ಜಪಾನಿ ನುಡಿಯಲ್ಲಿ ಸುಟ್ಟ ಮಾಂಸ. ಎರಡನೇ ಮಹಾಯುದ್ಧದ ನಂತರ ಕೊರಿಯಾ ಮೂಲದವರ ಅಂಗಡಿಗಳಿಂದ ಜಪಾನಿನಲ್ಲಿ ಹರಡಿದ ಅಡುಗೆ ಇದು. ತಬೆಹೋದಾಯ್ ಎಂದರೆ ಒಂದೇ ಬೆಲೆಗೆ ಬೇಕಾದಷ್ಟು ತಿನ್ನುವ ಏರ್ಪಾಡು. ಟೋಕಿಯೊದ ಇಂಪೀರಿಯಲ್ ಹೋಟೆಲು ಇಂಥ ಊಟವನ್ನು 1958ರಲ್ಲಿ ಆರಂಭಿಸಿತು. ಎರಡೂ ಕೂಡಿದ ಹೋಟೆಲುಗಳಲ್ಲಿ ಮೇಜಿನ ನಡುವೆಯೇ ಒಲೆ ಇರುತ್ತದೆ. ತೆಳ್ಳಗೆ ಹೆಚ್ಚಿದ ಹಸಿ ಮಾಂಸವನ್ನು ತಂದಿಡುತ್ತಾರೆ, ಉಣ್ಣುವವರೇ ಇಕ್ಕಳದಲ್ಲಿ ಹಿಡಿದು ಸುಟ್ಟುಕೊಳ್ಳುತ್ತಾರೆ. ಅವಧಿ ಸಾಮಾನ್ಯವಾಗಿ 90 ಅಥವಾ 120 ನಿಮಿಷ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ಕಾರು ತಯಾರಿಕೆ ಆರಂಭವಾದ ಮೇಲೆ ರಾಮನಗರದ ಸೀಮೆಗೂ ಜಪಾನಿಗೂ ನಂಟು ಬೆಳೆದಿದೆ. ಈ ಸಂವಾದದಲ್ಲಿ ಮಾತಾಡುವವರು ಇಬ್ಬರು: ಚನ್ನಪಟ್ಟಣ, ಮಾಗಡಿ ಕಡೆಯ ಬೀಗರ ಊಟಗಳಿಗೆ ಅಡುಗೆ ಮಾಡುತ್ತ ಬಾಳಿದ ತಾತ ಮತ್ತು ತರಬೇತಿಗೆಂದು ನಗೋಯಾಕ್ಕೆ ಹೋಗಿ, ಅಲ್ಲಿ ಯಾಕಿನಿಕು ತಬೆಹೋದಾಯ್ ಉಂಡು ಬಂದ ಮೊಮ್ಮಗ. ಅಳತೆಯಿಲ್ಲದ ಊಟಕ್ಕೆ ಅಳತೆ ಎಲ್ಲಿಂದ ಬರುತ್ತದೆ ಎಂಬುದು ಪ್ರಶ್ನೆ.

ಮೊಮ್ಮಗ: ತಾತ, ಅಲ್ಲಿ ಎಷ್ಟು ತಿಂದರೂ ಬೆಲೆ ಒಂದೇ. ನಮ್ಮ ಬೀಗರ ಊಟದಲ್ಲೂ ಮುದ್ದೆ, ಬೋಟಿ ಗೊಜ್ಜು, ಚಾಪ್ಸು ಎಲ್ಲವನ್ನೂ ಬೇಡ ಅನ್ನುವ ತನಕ ಬಡಿಸುತ್ತಾರೆ. ಬೋಟಿ ಅಲ್ಲಿಯೂ ಇದೆ, ಹೊರುಮೊನ್ ಅನ್ನುತ್ತಾರೆ. ಎರಡೂ ಒಂದೇ ಬಗೆಯ ಊಟ ತಾನೆ?

ತಾತ: ಬೀಗರ ಊಟಕ್ಕೆ ಬೆಲೆ ಎಲ್ಲಿದೆ ಮಗ?

ಮೊಮ್ಮಗ: ಮುಯ್ಯಿ ಇದೆಯಲ್ಲ. ಹೆಸರು ಸಮೇತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ತಾತ: ಬೆಲೆ ಕೊಟ್ಟರೆ ಲೆಕ್ಕ ತೀರುತ್ತದೆ. ಮುಯ್ಯಿ ಬರೆಸಿದರೆ ಲೆಕ್ಕ ಶುರುವಾಗುತ್ತದೆ. ನಾಳೆ ನಮ್ಮ ಮನೆಯ ಮದುವೆಗೆ ಅವರು ಬಂದು ತೀರಿಸುತ್ತಾರೆ. ಹಾಕಿದ ಮುಯ್ಯಿಗೆ ತಕ್ಕಷ್ಟು ಉಂಡೇ ಏಳಬೇಕು ಎಂದು ಅಲ್ಲಿ ಯಾರೂ ಕೂರುವುದಿಲ್ಲ. ನಿನಗೆ ಆ ಹೋಟೆಲಿನಲ್ಲಿ ಹಾಗೆ ಅನ್ನಿಸಿತೋ ಇಲ್ಲವೋ?

ಮೊಮ್ಮಗ: ಅನ್ನಿಸಿತು. ಹೊಟ್ಟೆ ತುಂಬಿದ ಮೇಲೂ ಎರಡು ತಟ್ಟೆ ತರಿಸಿದೆ.

ತಾತ: ಆ ಎರಡು ತಟ್ಟೆಯಿಂದ ದುಡ್ಡು ವಾಪಸು ಬಂತೆ?

ಮೊಮ್ಮಗ: ಇಲ್ಲ. ಉಂಡರೂ ಬಿಟ್ಟರೂ ಅದು ಹೋದ ದುಡ್ಡೇ. ಕಡಿಮೆ ಉಣ್ಣುವವರನ್ನೂ ಹೆಚ್ಚು ಉಣ್ಣುವವರನ್ನೂ ಕೂಡಿಸಿ, ಸರಾಸರಿ ನೋಡಿ ಬೆಲೆ ಇಟ್ಟಿರುತ್ತಾರೆ. ಆದರೆ ಅಲ್ಲಿ ಮಿತಿಯೇ ಇಲ್ಲವೆಂದಲ್ಲ. ಗಡಿಯಾರವಿದೆ, ಎಂಜಲು ಬಿಟ್ಟರೆ ಕೆಲವು ಕಡೆ ದಂಡವೂ ಇದೆ.

ತಾತ: ಹೊತ್ತಿನ ಮಿತಿ ನಮ್ಮಲ್ಲೂ ಉಂಟು; ಮುಂದಿನ ಪಂಕ್ತಿಯವರು ಬೆನ್ನ ಹಿಂದೆಯೇ ಕಾದು ನಿಂತಿರುತ್ತಾರೆ. ನಾನು ಕೇಳುವುದು ಹೊಟ್ಟೆಯ ಮಿತಿ. ಸಾಕು ಎಂದು ನೀನು ಯಾರಿಗೆ ಹೇಳಿದೆ?

ಮೊಮ್ಮಗ: ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ತಾತ: ವ್ಯತ್ಯಾಸ ಇರುವುದು ಅಲ್ಲೇ. ಸಾಕು ಎಂಬುದು ಒಂದು ಪ್ರಶ್ನೆಗೆ ಕೊಡುವ ಉತ್ತರ. ಇನ್ನೊಂದು ಮುದ್ದೆ ಇಡಲೇ ಎಂದು ಬಡಿಸುವವನು ಬಾಗಿದಾಗ, ಎಲೆಗೆ ಕೈ ಅಡ್ಡ ಹಿಡಿಯುವ ಮುಂಚೆ ಉಣ್ಣುವವನು ಒಂದು ಗಳಿಗೆ ತನ್ನ ಹೊಟ್ಟೆಯನ್ನು ವಿಚಾರಿಸಿಕೊಳ್ಳುತ್ತಾನೆ.

ಮೊಮ್ಮಗ: ಬಡಿಸುವವನ ಬಲವಂತಕ್ಕೆ ಮಿತಿ ಮೀರುವುದೂ ಉಂಟಲ್ಲ ತಾತ?

ತಾತ: ಉಂಟು. ಉಪಚಾರ ಹೆಚ್ಚಾದರೆ ಕೇಳುವುದು ಹೋಗಿ ಹೇರುವುದಾಗುತ್ತದೆ. ಆಗ ಉತ್ತರಕ್ಕೆ ಬೆಲೆಯೇ ಇರುವುದಿಲ್ಲ.

ಮೊಮ್ಮಗ: ಯಾಕಿನಿಕುವಿನಲ್ಲಿ ಆ ಗಳಿಗೆಯನ್ನು ಒಲೆ ಕೊಡುತ್ತದೆ. ಒಂದೊಂದು ಚೂರನ್ನೂ ಇಟ್ಟು, ಬಣ್ಣ ತಿರುಗುವ ತನಕ ಕಾದು, ಮಗುಚಿ ತಿನ್ನಬೇಕು. ಒಕಿನಾವಾದ ಹಿರಿಯರು ಹಾರಾ ಹಾಚಿ ಬು ಎನ್ನುತ್ತಾರೆ: ಹೊಟ್ಟೆಯ ಹತ್ತು ಪಾಲಿನಲ್ಲಿ ಎಂಟು ತುಂಬಿದಾಗ ನಿಲ್ಲಿಸಬೇಕು. ಕಾಯುವ ಹೊತ್ತಿನಲ್ಲಿ ಅದನ್ನು ತಿಳಿಯಬಹುದಿತ್ತು. ನಾನು ಹೊಟ್ಟೆಯನ್ನು ನೋಡದೆ ಗಡಿಯಾರ ನೋಡುತ್ತಿದ್ದೆ.

ತಾತ: ಆಯುರ್ವೇದದ ಅಷ್ಟಾಂಗ ಹೃದಯದಲ್ಲೂ ಇಂಥದೇ ಲೆಕ್ಕವಿದೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು, ಇನ್ನೊಂದನ್ನು ಗಾಳಿಗೆ ಬಿಡಬೇಕು. ಪಾಲಿನ ಲೆಕ್ಕ ಬೇರೆಯಾದರೂ ಒಂದಿಷ್ಟು ಜಾಗ ಖಾಲಿ ಇರಲಿ ಎಂಬ ಮಾತು ಎರಡು ಕಡೆಯೂ ಒಂದೇ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದೂ ಇದನ್ನೇ.

ಮೊಮ್ಮಗ: ಹಾಗಾದರೆ ತಪ್ಪು ಆ ಊಟದ್ದಲ್ಲ.

ತಾತ: ಅಲ್ಲ. ಒಲೆಯ ಮುಂದೆ ಕೂತವನು ಉಣ್ಣುವವನೂ ಹೌದು, ಬಡಿಸುವವನೂ ಹೌದು. ನೀನು ಉಂಡೆ, ಬಡಿಸುವವನ ಕೆಲಸ ಅರ್ಧಕ್ಕೆ ಬಿಟ್ಟೆ. ಒಂದೊಂದು ಚೂರು ಇಡುವ ಮುಂಚೆಯೂ ಇನ್ನೊಂದು ಇಡಲೇ ಎಂದು ನಿನ್ನನ್ನು ನೀನೇ ಕೇಳಬೇಕಿತ್ತು.

ಮೊಮ್ಮಗ: ಕೇಳಿ, ಉತ್ತರ ಬರುವ ತನಕ ಕಾಯಬೇಕಿತ್ತು.