ಹಾಸು ಹೊಕ್ಕಿನ ಪಾಠ

ಬೆಳಗಾವಿಯ ವಡಗಾವಿಯು ನೇಕಾರರ ನೆಲೆ. ಖಾಸಬಾಗ, ಶಹಾಪುರಗಳಂತೆ ಇಲ್ಲಿಯ ಓಣಿಗಳೂ ಸೀರೆ ನೇಯ್ದು ಬಾಳಿದವು. ಕೈಮಗ್ಗದ ಸ್ಥಾನದಲ್ಲಿ ವಿದ್ಯುತ್ ಮಗ್ಗ ಬಂದಿದ್ದರೂ ಕಾಯಕದ ಕ್ರಮ ಬಹುಮಟ್ಟಿಗೆ ಹಿಂದಿನದೇ. ಒಬ್ಬರು ಕಂಡಿಕೆ ಸುತ್ತುವರು, ಒಬ್ಬರು ಹಾಸನ್ನು ಅಣಿಗೊಳಿಸುವರು, ಒಬ್ಬರು ಮಗ್ಗದ ಮುಂದೆ ನಿಲ್ಲುವರು. ಒಬ್ಬರ ಕೈ ತಡೆದರೆ ಮನೆಯ ಕೆಲಸವೆಲ್ಲ ತಡೆಯುವುದು. ಎಳೆ ಹರಿದಾಗ ಮಗ್ಗವನ್ನು ನಿಲ್ಲಿಸಿ, ತುದಿಗಳನ್ನು ಹುಡುಕಿ, ಗಂಟಿಕ್ಕಿ ಮತ್ತೆ ನೇಯುವರು. ಇಂತಹ ಮನೆಯಿಂದ ಬಂದ ಮಗುವು ಶಾಲೆಯಲ್ಲಿ ಒಂದು ಲೆಕ್ಕ ತಪ್ಪಿದೊಡನೆ ಪಾಟಿಯನ್ನು ಮಗುಚಿಟ್ಟು ಅಳುವುದೇಕೆ?

ಶಾಲೆಯಲ್ಲಿ ಅದು ಒಂಟಿ. ಪಕ್ಕದ ಮಗುವಿನ ಪಾಟಿ ನೋಡಿದರೆ ಕಳವು. ತಪ್ಪಿದರೆ ಅವಮಾನ ತನ್ನೊಬ್ಬನದೇ. ಹರಿದ ಎಳೆಯ ಇನ್ನೊಂದು ತುದಿಯನ್ನು ಹಿಡಿದುಕೊಡುವವರು ಅಲ್ಲಿಲ್ಲ.

ಕಲ್ಯಾಣದ ಶರಣಸಂಗದಲ್ಲಿ ಅಂಬಿಗನೂ ಹಗ್ಗ ಹೊಸೆಯುವವನೂ ಅಕ್ಕಿಯನ್ನಾಯುವವನೂ ಕೂಡಿದ್ದರು. ಒಬ್ಬರ ಕಾಯಕವನ್ನು ಮತ್ತೊಬ್ಬರು ಮಾಡಿ ಮುಗಿಸಲಿಲ್ಲ. ಪತಿಯು ಅಳತೆ ಮೀರಿ ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಮರಳಿಸಿ ಬರಲು ಹೇಳಿದರು, ಮಾರಯ್ಯನವರು ಮರಳಿಸಿದರು. ತಿದ್ದುವವರೂ ತಿದ್ದಿಸಿಕೊಳ್ಳುವವರೂ ಒಂದೇ ಸಂಗದವರಾದುದರಿಂದ ಅಲ್ಲಿ ಅವಮಾನದ ಮಾತೇ ಹುಟ್ಟಲಿಲ್ಲ.

ಆದರೆ ಐದು ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕುಳ್ಳಿರಿಸಿದ ಮಾತ್ರಕ್ಕೆ ಸಂಗವಾಗದು. ಚುರುಕಾದ ಮಗುವೊಂದು ಎಲ್ಲವನ್ನೂ ಬರೆಯುವುದು. ಮಿಕ್ಕ ನಾಲ್ಕು ಕಿಟಕಿಯಾಚೆ ನೋಡುವುವು. ಇದನ್ನು ಗುಂಪುಕಾರ್ಯವೆಂದು ಕರೆದು ತೃಪ್ತರಾಗುವ ಶಾಲೆಗಳು ಕಡಮೆಯಲ್ಲ. ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳು ಒಂದೇ ಶಾಲೆಗೆ ಬಂದು ಕಲಹವೆದ್ದಾಗ, 1971ರಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಉಪಾಯ ಹೂಡಿದರು. ಪಾಠವನ್ನು ತುಂಡುಮಾಡಿ ಪ್ರತಿ ಮಗುವಿಗೂ ಒಂದೊಂದು ತುಂಡನ್ನು ಕೊಟ್ಟರು. ಉಳಿದ ಮಕ್ಕಳಿಂದ ಕೇಳಿ ತಿಳಿಯದೆ ಯಾರಿಗೂ ಪಾಠ ಪೂರ್ಣವಾಗದು. ಅಂಜುವ ಮಗುವಿನ ಮಾತಿಗೂ ಆಗ ಬೆಲೆ ಬಂದಿತು. ಕರ್ನಾಟಕದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪಿಗೂ ಎಡೆಗೊಟ್ಟಿತು.

ವಡಗಾವಿಯ ನಾಲ್ಕನೆಯ ತರಗತಿಗೆ ಸೀರೆಗಿಂತ ಉತ್ತಮ ವಿಷಯವುಂಟೆ? ಒಂದು ಮಗು ಅಜ್ಜನನ್ನು ಕೇಳಿ ಮಗ್ಗದ ಭಾಗಗಳ ಹೆಸರು ಬರೆದು ತರಲಿ. ಮರಾಠಿ ಮನೆಮಾತಿನ ಮಗು ಅವೇ ಭಾಗಗಳ ಮರಾಠಿ ಹೆಸರು ತರಲಿ, ಉರ್ದು ಮನೆಯ ಮಗು ಉರ್ದು ಹೆಸರು ತರಲಿ. ಒಂದು ಸೀರೆಯ ಉದ್ದಗಲ ಅಳೆಯಲಿ, ಇನ್ನೊಂದು ಚಿತ್ರ ಬರೆಯಲಿ. ಹೆಸರಿಲ್ಲದೆ ಚಿತ್ರ ಅಪೂರ್ಣ, ಅಳತೆಯಿಲ್ಲದೆ ಲೆಕ್ಕ ಅಪೂರ್ಣ. ಮಕ್ಕಳನ್ನು ದುಡಿಮೆಗೆ ಹಚ್ಚುವ ಮಾತು ಇದಲ್ಲ. ಮಗ್ಗ ಇಲ್ಲಿ ಪಾಠವೇ ಹೊರತು ಕೂಲಿಯಲ್ಲ.

ಎಲ್ಲವೂ ಸಿದ್ಧವಾದ ಹೊತ್ತಿಗೆ ಚಿತ್ರದ ಹಾಳೆ ಹರಿಯಬಹುದು, ಅಳತೆ ತಪ್ಪಿರಬಹುದು. ಗುರುವಿನ ಪರೀಕ್ಷೆ ಅದೇ ಗಳಿಗೆಯಲ್ಲಿ. ಕೈ ತುರಿಸುವುದು, ತಾನೇ ಸರಿಪಡಿಸಿಬಿಟ್ಟರೆ ಕೆಲಸ ಬೇಗ ಮುಗಿಯುವುದು. ಆದರೆ ಗಂಟಿಕ್ಕುವುದನ್ನು ಮಗು ಕಲಿಯದು. ಮುದನೂರಿನ ಜೇಡರ ದಾಸಿಮಯ್ಯನವರು ಬಹುಕಾಲ ನೇಯ್ದ ವಸ್ತ್ರವನ್ನು ಜಂಗಮರೊಬ್ಬರು ಬೇಡಿ ಪಡೆದು, ಕಣ್ಣೆದುರೇ ಹರಿದು ಚಿಂದಿಮಾಡಿದರೆಂಬ ಐತಿಹ್ಯವುಂಟು. ದಾಸಿಮಯ್ಯನವರು ಕಳವಳಗೊಳ್ಳಲಿಲ್ಲ. ಎಂಟು ವರುಷದ ಮಗುವಿನಿಂದ ಅಂತಹ ಸ್ಥೈರ್ಯವನ್ನು ಕೇಳುವುದು ಅನ್ಯಾಯ. ಅದು ಅಳಲಿ, ಜೊತೆಯ ಮಗು ಅಂಟು ತರಲಿ, ಇನ್ನೊಂದು ಹಾಳೆಯನ್ನು ಹಿಡಿಯಲಿ. "ಯಾರು ಹರಿದರು?" ಎಂದು ಗುರು ಕೇಳದಿರಲಿ; "ಈಗೇನು ಮಾಡುವಿರಿ?" ಎಂದು ಕೇಳಿ ಸುಮ್ಮನಿರಲಿ. ಬಲವಾದ ಮಗು ದುರ್ಬಲ ಮಗುವನ್ನು ನೋಯಿಸಿದಲ್ಲಿ ಮಾತ್ರ ಕೂಡಲೆ ನಡುವೆ ಬರಲಿ.

ಪಾಲಕರು ನೋಡಲು ಬರುವ ದಿನ ಅಂಟುಹಾಕಿದ ಆ ಹಾಳೆಯೇ ಗೋಡೆಯ ಮೇಲಿರಲಿ, ಕೆಳಗೆ ಐದು ಹೆಸರುಗಳೂ ಇರಲಿ. ಮುಂದಿನ ತಿಂಗಳು ಚಿತ್ರ ಬರೆದ ಮಗುವಿನ ಕೈಗೆ ಅಳತೆಯ ಪಟ್ಟಿಯನ್ನು ಕೊಡಬೇಕು.